ತಿಳಿನೀರಿನೊಳಗೆ ಲೇಸರ್ ಕಿಡಿ ಹೇಗೆ ಹುಟ್ಟುತ್ತದೆ?

ಪ್ರಶ್ನೆ: ನಮ್ಮ ಅವ್ವನಿಗೆ ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಈಚೆಗೆ ಒಂದು ಕಣ್ಣು ಮತ್ತೆ ಮಂಜಾಗಿತ್ತು. ಡಾಕ್ಟರು ಯಂತ್ರದ ಮೇಲೆ ಗದ್ದ ಇಡಿಸಿ, ಐದು ನಿಮಿಷದಲ್ಲಿ ಲೇಸರ್ ಮಾಡಿ ಕಳಿಸಿದರು. ಟಿಕ್ ಟಿಕ್ ಅನ್ನುವ ಸದ್ದು ಬಿಟ್ಟರೆ ಅವ್ವನಿಗೆ ಏನೂ ಗೊತ್ತಾಗಲಿಲ್ಲ. ಒಳಗೆ ಪ್ಲಾಸ್ಮಾ ಹುಟ್ಟುತ್ತದೆ, ಅದೇ ಪೊರೆಯನ್ನು ಹರಿಯುತ್ತದೆ ಎಂದು ಡಾಕ್ಟರು ಹೇಳಿದರು. ನಾನು ಗದಗಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಆದರೂ ಇದು ತಲೆಗೆ ಹತ್ತಲಿಲ್ಲ. ಕಣ್ಣಿನೊಳಗೆ ಇರುವುದು ಬಹುಪಾಲು ನೀರು. ಆ ಬೆಳಕನ್ನು ನೀರು ಹೀರುವುದೇ ಕಡಿಮೆ, ಹಾಗಿರುವಾಗ ಕಿಡಿ ಹೇಗೆ? ಪ್ಲಾಸ್ಮಾ ಅಂದರೆ ಸೂರ್ಯನಲ್ಲಿ ಇರುವಂಥದ್ದು, ಕಣ್ಣು ಸುಡುವುದಿಲ್ಲವೇ? ಫೆಮ್ಟೋಸೆಕೆಂಡ್ ಲೇಸರ್ ಇನ್ನೂ ಒಳ್ಳೆಯದು ಅನ್ನುತ್ತಾರೆ. ಇನ್ನೊಂದು ಕಣ್ಣಿಗೂ ಹೀಗೇ ಆದರೆ ಅದನ್ನೇ ಕೇಳಬೇಕಾ?

ಉತ್ತರ: ಮೇಡಂ, ನೀವು ಸಿಕ್ಕಿಹಾಕಿಕೊಂಡಿರುವ ಜಾಗ ಸರಿಯಾದದ್ದೇ. ಪಿಯು ಪುಸ್ತಕದ ಲೆಕ್ಕದಲ್ಲಿ ಇದು ಆಗಲೇಬಾರದು. ಮೊದಲು ಆ ಲೆಕ್ಕವನ್ನೇ ಮಾಡೋಣ.

ನಿಮ್ಮ ತಾಯಿಯವರಿಗೆ ಈಗ ಮಂಜಾಗಿದ್ದು ಆಪರೇಷನ್ನಿನಲ್ಲಿ ಕೂರಿಸಿದ ಲೆನ್ಸಿನ ಹಿಂದಿನ ತೆಳು ಪೊರೆ. ಅದನ್ನು ಹರಿಯಲು ಬಳಸಿದ್ದು ಯಾಗ್ ಎಂಬ ಹರಳಿನ ಲೇಸರ್. ಅದರ ಬೆಳಕು 1064 ನ್ಯಾನೋಮೀಟರಿನದು, ಕಣ್ಣಿಗೆ ಕಾಣದು. ಒಂದು ಸೆಂಟಿಮೀಟರ್ ನೀರು ದಾಟುವಾಗ ನೂರಕ್ಕೆ ಹನ್ನೆರಡು–ಹದಿಮೂರು ಪಾಲು ಹೀರಿಹೋಗುತ್ತದೆ, ಉಳಿದದ್ದು ದಾಟಿಕೊಂಡು ಹೋಗುತ್ತದೆ. ಲ್ಯಾಬುಗಳಲ್ಲಿ ಜಾಸ್ತಿ ಬಳಸುವ, ತೀರಾ ಚುಟುಕಾಗಿ ಮಿಡಿಯುವ ಫೆಮ್ಟೋಸೆಕೆಂಡ್ ಲೇಸರಿನ ಬೆಳಕು 800 ನ್ಯಾನೋಮೀಟರಿನದು. ಅದರಲ್ಲಿ ನೂರಕ್ಕೆ ಎರಡು ಪಾಲೂ ಸರಿಯಾಗಿ ಹೀರುವುದಿಲ್ಲ. ಕಾರಣ ಸರಳ. 800 ನ್ಯಾನೋಮೀಟರಿನ ಒಂದು ಫೋಟಾನಿನ ಶಕ್ತಿ 1.55 ಎಲೆಕ್ಟ್ರಾನ್ ವೋಲ್ಟ್. ನೀರಿನ ಅಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಎಷ್ಟು ಬೇಕು? ಬಹಳ ಕಾಲ 6.5 ಎಂದು ಲೆಕ್ಕ ಹಾಕುತ್ತಿದ್ದರು. ಪೂರ್ತಿ ಬಿಡಿಸಿಕೊಳ್ಳಲು 9.5ರ ಹತ್ತಿರ ಬೇಕು, 6.6ರ ಹತ್ತಿರ ನಡುವೆ ಒಂದು ಮೆಟ್ಟಿಲಿದೆ ಎಂದು ಈಚಿನ ಅಳತೆಗಳು ಹೇಳುತ್ತವೆ. ಹೇಗೆ ನೋಡಿದರೂ ಒಂದು ಫೋಟಾನಿಗೆ ಇದು ಎಟುಕದ ಮಾತು.

ಐದು ಫೋಟಾನು ಸೇರಿದರೆ? ಐದು ಸಲ 1.55 ಅಂದರೆ 7.75. ನಡುವಿನ ಮೆಟ್ಟಿಲು ಹತ್ತಲು ಅಷ್ಟು ಸಾಕು. ಆದರೆ ಅವು ಒಂದಾದ ಮೇಲೆ ಒಂದು ಬಂದರೆ ಉಪಯೋಗವಿಲ್ಲ. ಹುಬ್ಬಳ್ಳಿಯಲ್ಲಿ ಶಿವರಾತ್ರಿಗೆ ಸಿದ್ಧಾರೂಢರ ತೇರು ಎಳೆಯುವುದನ್ನು ನೀವು ನೋಡಿರುತ್ತೀರಿ. ದಿನವಿಡೀ ಒಬ್ಬೊಬ್ಬರೇ ಬಂದು ಹಗ್ಗ ಜಗ್ಗಿದರೆ ಗಾಲಿ ಅಲುಗುವುದಿಲ್ಲ. ಎಲ್ಲರೂ ಒಂದೇ ಏಟಿಗೆ ಜಗ್ಗಬೇಕು. ಇಲ್ಲೂ ಐದು ಫೋಟಾನುಗಳು ಒಂದೇ ಅಣುವಿನ ಮೇಲೆ, ಒಂದೇ ಗಳಿಗೆಯಲ್ಲಿ ಬೀಳಬೇಕು. ಮಾಮೂಲಿ ಬೆಳಕಿನಲ್ಲಿ ಅಂಥ ಕೂಟ ಆಗುವುದೇ ಇಲ್ಲ ಅನ್ನಬಹುದು. ಬೆಳಕನ್ನು ಒತ್ತೊತ್ತಾಗಿ ತುಂಬಿದಾಗ ಮಾತ್ರ ಆಗುತ್ತದೆ.

ಎಷ್ಟು ಒತ್ತಾಗಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಐದು ಫೋಟಾನು ಬೇಕಾದ ಕಡೆ ಎಲೆಕ್ಟ್ರಾನು ಹುಟ್ಟುವ ವೇಗ ಬೆಳಕಿನ ತೀವ್ರತೆಯ ಐದನೇ ಘಾತದಂತೆ ಏರುತ್ತದೆ. ತೀವ್ರತೆ ಎರಡು ಪಟ್ಟಾದರೆ ಎಲೆಕ್ಟ್ರಾನು 32 ಪಟ್ಟು. ಹತ್ತು ಪಟ್ಟಾದರೆ ಒಂದು ಲಕ್ಷ ಪಟ್ಟು. ಇದನ್ನು ದಯವಿಟ್ಟು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ, ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ. ಲೆನ್ಸಿನಿಂದ ಬೆಳಕನ್ನು ಒಂದು ಬಿಂದುವಿಗೆ ಇಳಿಸಿದಾಗ, ಆ ಬಿಂದುವಿನ ಹಿಂದೆ ಮುಂದೆ ಸ್ವಲ್ಪ ಸರಿದರೂ ತೀವ್ರತೆ ಇಳಿಯುತ್ತದೆ, ಎಲೆಕ್ಟ್ರಾನು ಹುಟ್ಟುವುದು ನೆಲ ಕಚ್ಚುತ್ತದೆ. ಹಾಗಾಗಿ ದಾರಿಯಲ್ಲಿ ಸಿಗುವ ನೀರಿಗೆ ಏನೂ ಆಗುವುದಿಲ್ಲ, ಬಿಂದುವಿನಲ್ಲಿರುವ ನೀರು ಒಡೆಯುತ್ತದೆ. ಇದು ತಿಳಿನೀರು, ಇದು ಬೆಳಕನ್ನು ಹೀರುವುದಿಲ್ಲ ಅಂತ ನಾವು ಅನ್ನುತ್ತೇವಲ್ಲ, ಆ ಮಾತು ಮಂದ ಬೆಳಕಿಗೆ ಮಾತ್ರ ನಿಜ.

ಈಗ ಸಂಖ್ಯೆ ಹಾಕೋಣ. ಒಂದು ಮೈಕ್ರೋಜೂಲ್ ತೆಗೆದುಕೊಳ್ಳಿ, ಅಂದರೆ ಜೂಲಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದನ್ನು 100 ಫೆಮ್ಟೋಸೆಕೆಂಡಿನಲ್ಲಿ ಸುರಿಯಿರಿ. ಒಂದು ಫೆಮ್ಟೋಸೆಕೆಂಡ್ ಅಂದರೆ ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಒಂದು ಕೋಟಿ ಭಾಗ ಮಾಡಿದರೆ ಸಿಗುವ ಚೂರು. ಶಕ್ತಿಯನ್ನು ಸಮಯದಿಂದ ಭಾಗಿಸಿದರೆ ಒಂದು ಕೋಟಿ ವ್ಯಾಟ್, ಅಂದರೆ 10 ಮೆಗಾವ್ಯಾಟ್. ಇದನ್ನು 5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಅಗಲದ ಚುಕ್ಕೆಗೆ ಇಳಿಸಿದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 50 ಲಕ್ಷ ಕೋಟಿ ವ್ಯಾಟ್ ಲೆಕ್ಕ ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಗದಗಿನ ಮಟಮಟ ಮಧ್ಯಾಹ್ನದ ಬಿಸಿಲೂ ಚದರ ಸೆಂಟಿಮೀಟರಿಗೆ 0.1 ವ್ಯಾಟ್ ಆಸುಪಾಸು. ನೀರು ಒಡೆಯಲು 100 ಫೆಮ್ಟೋಸೆಕೆಂಡ್ ಪಲ್ಸಿಗೆ, ಅಂದರೆ ಅಷ್ಟು ಹೊತ್ತಿನ ಬೆಳಕಿನ ಮಿಡಿತಕ್ಕೆ, ಬೇಕಾಗುವುದು ಚದರ ಸೆಂಟಿಮೀಟರಿಗೆ ಸುಮಾರು 10 ಲಕ್ಷ ಕೋಟಿ ವ್ಯಾಟ್. ಅಂದರೆ ನಮ್ಮ ಮೈಕ್ರೋಜೂಲಿನಲ್ಲಿ ಬೇಕಾದಷ್ಟಿದೆ. ಮಕ್ಕಳು ಖಂಡಿತ ಕೇಳುತ್ತಾರೆ, ಲೇಸರ್ ಪಾಯಿಂಟರಿನಿಂದ ಆಗುತ್ತದೆಯೇ ಅಂತ. ಐದು ಮಿಲಿವ್ಯಾಟಿನ ಪಾಯಿಂಟರನ್ನು ಒಂದು ಚದರ ಮೈಕ್ರಾನಿಗೆ ಇಳಿಸಿದರೂ ಎರಡು ಕೋಟಿ ಪಟ್ಟು ಕಡಿಮೆ ಬೀಳುತ್ತದೆ. ಪ್ಲಾಸ್ಮಾ ಆಗುವುದಿಲ್ಲ, ಆದರೆ ಕಣ್ಣಿಗೆ ಬಿದ್ದರೆ ರೆಟಿನಾ ಹಾಳಾದೀತು. ಸುಮ್ನೆ ಆಟಕ್ಕೂ ಮುಖದ ಕಡೆ ತಿರುಗಿಸಬಾರದು ಎಂದು ಅದೇ ತರಗತಿಯಲ್ಲಿ ಹೇಳಿಬಿಡಿ.

ಐದು ಫೋಟಾನಿನ ಕೂಟದಿಂದ ಮೊದಲ ಎಲೆಕ್ಟ್ರಾನುಗಳು ಬಿಡುಗಡೆಯಾದವು. ಅಲ್ಲಿಂದ ಮುಂದೆ ಅವೇ ಕೆಲಸ ಮಾಡುತ್ತವೆ. ಬಿಡಿ ಎಲೆಕ್ಟ್ರಾನು ಬೆಳಕಿನ ಫೋಟಾನುಗಳನ್ನು ಒಂದೊಂದಾಗಿ ಹೀರಬಲ್ಲದು, ಆದರೆ ಹೀರುವಾಗ ಪಕ್ಕದ ಅಣುವಿಗೆ ಡಿಕ್ಕಿ ಹೊಡೆಯುತ್ತಿರಬೇಕು. ನೀರಿನಂಥ ಒತ್ತಾದ ಜಾಗದಲ್ಲಿ ಡಿಕ್ಕಿ ಸುಮಾರು ಫೆಮ್ಟೋಸೆಕೆಂಡಿಗೊಂದು. ಹಾಗೆ ಶಕ್ತಿ ಕೂಡಿಟ್ಟುಕೊಂಡು ಸಾಕಷ್ಟಾದಾಗ ಇನ್ನೊಂದು ಅಣುವಿಗೆ ಬಡಿದು ಅದರ ಎಲೆಕ್ಟ್ರಾನನ್ನೂ ಕೀಳುತ್ತದೆ. ಈಗ ಎರಡು. ಎರಡು ನಾಲ್ಕು, ನಾಲ್ಕು ಎಂಟು. ಬಿಡಿ ಎಲೆಕ್ಟ್ರಾನು ಹೆಚ್ಚಾದಷ್ಟೂ ಹೀರುವುದು ಜಾಸ್ತಿ, ಹೀರಿದಷ್ಟೂ ಎಲೆಕ್ಟ್ರಾನು ಜಾಸ್ತಿ. ಈಗ ಬೆಳಕನ್ನು ಹೀರುತ್ತಿರುವುದು ನೀರಲ್ಲ, ಬೆಳಕು ತಾನೇ ಹುಟ್ಟಿಸಿದ ಪ್ಲಾಸ್ಮಾ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ.

ಎಷ್ಟಾದರೆ ಪ್ಲಾಸ್ಮಾ ಅನ್ನಬೇಕು? ಒಂದು ಘನ ಮೈಕ್ರಾನಿನಲ್ಲಿ ನೂರು ಕೋಟಿ ಬಿಡಿ ಎಲೆಕ್ಟ್ರಾನು ಎಂದು ಒಂದು ಗೆರೆ ಎಳೆದಿದ್ದಾರೆ. ಅಷ್ಟೇ ಜಾಗದಲ್ಲಿ ನೀರಿನ ಅಣುಗಳು ಸುಮಾರು 3,300 ಕೋಟಿ. ಮೂವತ್ತಮೂರು ಅಣುವಿಗೆ ಒಂದು ಎಲೆಕ್ಟ್ರಾನು ಕಿತ್ತರೆ ಸಾಕು. ಒಂದೇ ಎಲೆಕ್ಟ್ರಾನಿನಿಂದ ಶುರು ಮಾಡಿ ನೂರು ಕೋಟಿ ಮುಟ್ಟಲು ಮೂವತ್ತು ಸಲ ಇಮ್ಮಡಿಯಾಗಬೇಕು. ಮಕ್ಕಳಿಗೆ ಎರಡರ ಮೂವತ್ತನೇ ಘಾತ ಗುಣಿಸಲು ಕೊಡಿ, 107 ಕೋಟಿ ಚಿಲ್ಲರೆ ಬರುತ್ತದೆ.

ನ್ಯಾನೋಸೆಕೆಂಡ್ ಲೇಸರೂ ಫೆಮ್ಟೋಸೆಕೆಂಡ್ ಲೇಸರೂ ಬೇರೆಯಾಗುವುದು ಇಲ್ಲೇ. ನಿಮ್ಮ ತಾಯಿಯವರ ಯಾಗ್ ಲೇಸರಿನ ಪಲ್ಸ್ ಐದಾರು ನ್ಯಾನೋಸೆಕೆಂಡಿನದು. 100 ಫೆಮ್ಟೋಸೆಕೆಂಡಿಗೆ ಹೋಲಿಸಿದರೆ ಐವತ್ತು ಸಾವಿರ ಪಟ್ಟು ಉದ್ದ. ಮೂವತ್ತು ಇಮ್ಮಡಿಗೆ ಅಲ್ಲಿ ಧಾರಾಳ ಸಮಯವಿದೆ. ಆದ್ದರಿಂದ ತೀವ್ರತೆ ನೂರನೇ ಒಂದು ಪಾಲಿದ್ದರೂ ನಡೆಯುತ್ತದೆ. ಆದರೆ ತೀವ್ರತೆ ನೂರನೇ ಒಂದು ಪಾಲಾದರೆ ಐದನೇ ಘಾತದ ಲೆಕ್ಕದಲ್ಲಿ ಫೋಟಾನಿನ ಕೂಟ ಸಾವಿರ ಕೋಟಿ ಪಟ್ಟು ಅಪರೂಪವಾಗುತ್ತದೆ. ಹಾಗಾದರೆ ಮೊದಲ ಎಲೆಕ್ಟ್ರಾನನ್ನು ಕೊಡುವವರು ಯಾರು? ಹೆಚ್ಚಾಗಿ ನೀರಿನಲ್ಲಿರುವ ಕಸ. ಕಣ್ಣಿಗೆ ಕಾಣದ ಧೂಳು, ಕರಗಿದ ಕಲ್ಮಶ, ಇವುಗಳಿಂದ ಎಲೆಕ್ಟ್ರಾನು ಸುಲಭವಾಗಿ ಬರುತ್ತದೆ.

ಧಾರವಾಡದಲ್ಲಿ ಪಾಠ ಮಾಡುತ್ತಿದ್ದಾಗ ನಾನು ಇದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ. ಗಾಜಿನ ಚೌಕ ಬಟ್ಟಲಿನಲ್ಲಿ ನಳದ ನೀರು, ಮಲಪ್ರಭೆಯಿಂದ ಬಂದು ತೊಟ್ಟಿಯಲ್ಲಿ ನಾಲ್ಕು ದಿನ ನಿಂತದ್ದು. ಯಾಗ್ ಲೇಸರಿನ ಕಿರಣ ಬಿಟ್ಟರೆ ಕಿಡಿ ಒಂದೇ ಕಡೆ ಹುಟ್ಟುತ್ತಿರಲಿಲ್ಲ. ಕಿರಣದ ದಾರಿಯುದ್ದಕ್ಕೂ ಮೂರು ನಾಲ್ಕು ಬಿಳಿ ಚುಕ್ಕೆಗಳು ಮಿಂಚುತ್ತಿದ್ದವು, ಪ್ರತಿ ಪಲ್ಸಿಗೂ ಬೇರೆ ಬೇರೆ ಜಾಗದಲ್ಲಿ. ಕೆಲವು ಪಲ್ಸಿಗೆ ಏನೂ ಆಗುತ್ತಿರಲಿಲ್ಲ. ಅದೇ ಬಟ್ಟಲನ್ನು ತೊಳೆದು, ಸೋಸಿದ ಡಿಸ್ಟಿಲ್ಡ್ ನೀರು ಹಾಕಿದರೆ ಕಿಡಿ ಲೆನ್ಸಿನ ಬಿಂದುವಿನ ಹತ್ತಿರ ಬಂದು ನಿಲ್ಲುತ್ತಿತ್ತು, ಶಕ್ತಿಯನ್ನೂ ಸ್ವಲ್ಪ ಏರಿಸಬೇಕಾಗುತ್ತಿತ್ತು. ಬಟ್ಟಲಿಗೆ ಬೆರಳು ತಾಗಿಸಿದರೆ ಪ್ರತಿ ಕಿಡಿಗೂ ಗಾಜು ಚಿಟಕ್ಕೆಂದು ಮಿಡಿಯುವುದು ಗೊತ್ತಾಗುತ್ತಿತ್ತು.

ಫೆಮ್ಟೋಸೆಕೆಂಡ್ ಪಲ್ಸಿಗೆ ಕಸದ ಹಂಗಿಲ್ಲ. ಮೊದಲ ಎಲೆಕ್ಟ್ರಾನುಗಳನ್ನು ಅದು ತಾನೇ ಶುದ್ಧ ನೀರಿನಿಂದ ಕೀಳುತ್ತದೆ. ಹಾಗಾಗಿ ಪ್ರತಿ ಪಲ್ಸೂ ಒಂದೇ ಥರ, ಒಂದೇ ಜಾಗದಲ್ಲಿ ಕೆಲಸ ಮಾಡುತ್ತದೆ. ಗೆರೆಗಿಂತ ಸ್ವಲ್ಪ ಕೆಳಗೆ ಏನೂ ಇಲ್ಲ, ಸ್ವಲ್ಪ ಮೇಲೆ ಪ್ರತಿ ಸಲ ಪ್ಲಾಸ್ಮಾ. ಶಸ್ತ್ರಚಿಕಿತ್ಸೆ ಮಾಡುವವರಿಗೆ ಇದಕ್ಕಿಂತ ಬೆಲೆಬಾಳುವ ಗುಣ ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ. ಜೊತೆಗೆ ಶಕ್ತಿಯ ಉಳಿತಾಯವೂ ಇದೆ. ತೀವ್ರತೆ ನೂರು ಪಟ್ಟು ಜಾಸ್ತಿ ಬೇಕು ನಿಜ, ಆದರೆ ಸಮಯ ಐವತ್ತು ಸಾವಿರ ಪಟ್ಟು ಕಡಿಮೆ. ಗುಣಿಸಿ ನೋಡಿದರೆ ಒಂದು ಚದರ ಸೆಂಟಿಮೀಟರಿಗೆ ಬೇಕಾಗುವ ಶಕ್ತಿ ನೂರಾರು ಜೂಲಿನಿಂದ ಒಂದು ಜೂಲಿನ ಆಸುಪಾಸಿಗೆ ಇಳಿಯುತ್ತದೆ. ಜರ್ಮನಿಯ ಲೂಬೆಕ್‌ನಲ್ಲಿ ಆಲ್ಫ್ರೆಡ್ ಫೋಗೆಲ್ ಮತ್ತು ಯೋಆಖಿಮ್ ನೋಆಕ್ ನ್ಯಾನೋಸೆಕೆಂಡಿನಿಂದ ಫೆಮ್ಟೋಸೆಕೆಂಡಿನವರೆಗೆ ಒಂದೊಂದೇ ಅಳೆದು, 1999ರಲ್ಲಿ ಈ ಚಿತ್ರವನ್ನು ಸ್ಪಷ್ಟ ಮಾಡಿದರು.

ಫೆಮ್ಟೋಸೆಕೆಂಡ್ ಪಲ್ಸನ್ನು ನೀರಿಗೆ ಬಿಡುವುದನ್ನು ನೋಡುವ ಅವಕಾಶ ನಿಮ್ಮ ವಿದ್ಯಾರ್ಥಿಗಳಿಗೆ ಸಿಕ್ಕರೆ ಬಿಡಬೇಡಿ. ಮುಂಬೈಯ ಟಿಐಎಫ್‌ಆರ್, ಇಂದೋರಿನ ಆರ್‌ಆರ್‌ಕ್ಯಾಟ್‌ನಂಥ ಸಂಶೋಧನಾ ಸಂಸ್ಥೆಗಳಲ್ಲಿ ಇಂಥ ಲೇಸರುಗಳಿವೆ. ಲೆನ್ಸ್ ಮಂದವಾಗಿದ್ದು ಬೆಳಕು ನಿಧಾನವಾಗಿ ಕೂಡುವಂತಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಪಲ್ಸಿನ ಪವರ್ ಸುಮಾರು 4 ಮೆಗಾವ್ಯಾಟ್ ದಾಟಿದರೆ ನೀರು ತಾನೇ ಲೆನ್ಸಿನಂತೆ ವರ್ತಿಸಿ ಕಿರಣವನ್ನು ಇನ್ನೂ ಸಣ್ಣದಾಗಿ ಕುಗ್ಗಿಸುತ್ತದೆ. ಅಷ್ಟರಲ್ಲಿ ಪ್ಲಾಸ್ಮಾ ಹುಟ್ಟಿ ಕಿರಣವನ್ನು ಹರಡುತ್ತದೆ. ಕುಗ್ಗುವುದು, ಹರಡುವುದು ಎರಡೂ ತೂಗಿಕೊಂಡು ಬೆಳಕು ಸಣ್ಣ ಎಳೆಯಾಗಿ ನೀರಿನೊಳಗೆ ಸಾಗುತ್ತದೆ. ಒಳಗೆ ಹೋದದ್ದು ಕಣ್ಣಿಗೆ ಕಂಡೂ ಕಾಣದಂಥ ಮಂದ ಕೆಂಪು, ಆಚೆ ಹಿಡಿದ ಬಿಳಿ ಹಾಳೆಯ ಮೇಲೆ ಬೀಳುವುದು ಬಿಳಿ ಬೆಳಕು, ಸುತ್ತ ಬಣ್ಣದ ಬಳೆಗಳು. ಬರೀ ನೀರು ಒಂದು ಬಣ್ಣವನ್ನು ಇಷ್ಟು ಬಣ್ಣ ಮಾಡುವುದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಇನ್ನು ಸುಡುವ ಪ್ರಶ್ನೆ. ಪ್ಲಾಸ್ಮಾ ಆಗಲು ಬೇಕಾದ್ದು ಬಿಡಿ ಎಲೆಕ್ಟ್ರಾನುಗಳೇ ಹೊರತು ಸೂರ್ಯನ ಬಿಸಿ ಅಲ್ಲ. ನಿಮ್ಮ ತರಗತಿಯಲ್ಲಿ ಹಳೆಯ ಟ್ಯೂಬ್‌ಲೈಟ್ ಇದ್ದರೆ ಅದರೊಳಗೆ ಇರುವುದೂ ಪ್ಲಾಸ್ಮಾನೇ. ಎಲೆಕ್ಟ್ರಾನುಗಳ ತಾಪ ಹತ್ತು ಸಾವಿರ ಡಿಗ್ರಿ ಮಟ್ಟದ್ದು, ಕೊಳವೆ ಮುಟ್ಟಿದರೆ ಬರೀ ಬೆಚ್ಚಗೆ. ನೀರಿನಲ್ಲೂ ಫೆಮ್ಟೋಸೆಕೆಂಡ್ ಪಲ್ಸ್ ಮುಗಿಯುವ ಹೊತ್ತಿಗೆ ಬಿಸಿಯಾಗಿರುವುದು ಎಲೆಕ್ಟ್ರಾನು ಮಾತ್ರ, ಅಣುಗಳು ಇನ್ನೂ ತಣ್ಣಗೇ ಇರುತ್ತವೆ. ಶಕ್ತಿ ಅವುಗಳಿಗೆ ದಾಟಲು ಕೆಲವು ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಅಂದರೆ ಸಾವಿರ ಫೆಮ್ಟೋಸೆಕೆಂಡ್) ಬೇಕು. ಆಮೇಲೆ ಆ ಚುಕ್ಕೆಯಷ್ಟು ನೀರು ಬಿಸಿಯಾಗುತ್ತದೆ, ಅದು ನಿಜ. ಒಂದು ಘನ ಮೈಕ್ರಾನಿನಲ್ಲಿ ನೂರು ಕೋಟಿ ಎಲೆಕ್ಟ್ರಾನು, ಒಂದೊಂದಕ್ಕೂ ಹತ್ತು ಹದಿನೈದು ಎಲೆಕ್ಟ್ರಾನ್ ವೋಲ್ಟ್. ಒಟ್ಟು ಎರಡು ನ್ಯಾನೋಜೂಲ್ ಆಸುಪಾಸು. ಅಷ್ಟು ನೀರನ್ನು ಸುಮಾರು 500 ಡಿಗ್ರಿ ಏರಿಸಲು ಇದು ಸಾಕು. ಆದರೆ ಜಾಗ ಎಷ್ಟು ಸಣ್ಣದು ನೋಡಿ. ನಮ್ಮ ಒಂದು ಮೈಕ್ರೋಜೂಲನ್ನು ಪೂರ್ತಿ ಒಂದು ಹನಿ ನೀರಿಗೆ ಹಂಚಿದರೆ, ಹನಿ ಒಂದು ಡಿಗ್ರಿ ಬಿಸಿಯಾಗಲು ಅಂಥ ಎರಡು ಲಕ್ಷ ಪಲ್ಸ್ ಬೇಕು.

ಹಾಗಾದರೆ ಪೊರೆ ಹರಿಯುವುದು ಬಿಸಿಯಿಂದ ಅಲ್ಲ, ಅಲ್ವಾ? ಅಲ್ಲ. ಹರಿಯುವುದು ಒತ್ತಡ ಮತ್ತು ಗುಳ್ಳೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ 1,500 ಮೀಟರ್. 100 ಫೆಮ್ಟೋಸೆಕೆಂಡಿನಲ್ಲಿ ಅದು ಸಾಗುವ ದೂರ 0.15 ನ್ಯಾನೋಮೀಟರ್, ಒಂದು ನೀರಿನ ಅಣುವಿನ ಅಗಲವೂ ಅಲ್ಲ. ಬಿಸಿಯಾದ ನೀರಿಗೆ ಹಿಗ್ಗಲು ಸಮಯವೇ ಸಿಗುವುದಿಲ್ಲ. ಇದ್ದಲ್ಲೇ ಒತ್ತಡ ಸಾವಿರಾರು ವಾತಾವರಣಗಳಷ್ಟು ಏರುತ್ತದೆ. ನ್ಯಾನೋಸೆಕೆಂಡ್ ಕಿಡಿಯಲ್ಲಿ ಶಕ್ತಿಯೇ ಜಾಸ್ತಿ ಇರುವುದರಿಂದ ಅದು ಹತ್ತಾರು ಸಾವಿರಕ್ಕೂ ಹೋಗುತ್ತದೆ. ಆ ಒತ್ತಡ ಸದ್ದಿಗಿಂತ ವೇಗದ ಅಲೆಯಾಗಿ ಸಿಡಿಯುತ್ತದೆ, ಹಿಂದೆಯೇ ಆವಿಯ ಗುಳ್ಳೆ ಉಬ್ಬುತ್ತದೆ. ಒಂದು ಮಿಲಿಜೂಲಿನ ಯಾಗ್ ಪಲ್ಸಿಗೆ ನೀರಿನಲ್ಲಿ ಗುಳ್ಳೆಯ ತ್ರಿಜ್ಯ ಒಂದು ಮಿಲಿಮೀಟರ್ ಹತ್ತಿರ ಹೋಗುತ್ತದೆ. ಅಷ್ಟು ದೊಡ್ಡ ಗುಳ್ಳೆ ಕುಸಿಯಲು ಎಷ್ಟು ಹೊತ್ತು? ಲಾರ್ಡ್ ರೇಲಿ 1917ರಲ್ಲಿ ಕೊಟ್ಟ ಸೂತ್ರ ಹಾಕಿದರೆ 90 ಮೈಕ್ರೋಸೆಕೆಂಡ್ ಚಿಲ್ಲರೆ. ಉಬ್ಬಲು ಅಷ್ಟು, ಕುಸಿಯಲು ಅಷ್ಟು. ಕುಸಿದಾಗ ಮತ್ತೊಂದು ಒತ್ತಡದ ಅಲೆ ಹೊರಡುತ್ತದೆ. ನಿಮ್ಮ ತಾಯಿಯವರು ಕೇಳಿದ ಟಿಕ್ ಸದ್ದಿಗೆ ಇವೇ ಮೂಲ. ಎರಡರ ನಡುವಿನ ಅಂತರ ತೀರಾ ಕಡಿಮೆ, ಕಿವಿಗೆ ಒಂದೇ ಟಿಕ್.

ಫೆಮ್ಟೋಸೆಕೆಂಡ್ ಪಲ್ಸಿನ ಗುಳ್ಳೆ ಮೈಕ್ರಾನುಗಳ ಲೆಕ್ಕದ್ದು. ಸಾವಿರಾರು ಗುಳ್ಳೆಗಳನ್ನು ಒತ್ತೊತ್ತಾಗಿ ಒಂದೇ ಮಟ್ಟದಲ್ಲಿ ಇಟ್ಟರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯ, ಒಳಗೆ ಪದರ ಬಿಡಿಸಬಹುದು. ಕನ್ನಡಕ ಬಿಡಿಸುವ ಲ್ಯಾಸಿಕ್‌ನಲ್ಲಿ ಈ ಲೇಸರ್ ಮಾಡುವುದು ಇದನ್ನೇ.

ಗುಳ್ಳೆಯ ಕತೆಗಿಂತ ನನಗೆ ಪ್ರೀತಿ ಜಾಸ್ತಿ ಇರುವುದು ಅದಕ್ಕೂ ಮುಂಚಿನ ರಸಾಯನದ ಮೇಲೆ. ಎಲೆಕ್ಟ್ರಾನು ಕಳೆದುಕೊಂಡ ನೀರಿನ ಅಣು ಸುಮ್ಮನಿರುವುದಿಲ್ಲ, ತನ್ನ ಪ್ರೋಟಾನನ್ನು ಪಕ್ಕದ ಅಣುವಿಗೆ ದಾಟಿಸಿಬಿಡುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಸುಮಾರು 46 ಫೆಮ್ಟೋಸೆಕೆಂಡ್ ಎಂದು 2020ರಲ್ಲಿ ಪ್ರಕಟವಾದ ಎಕ್ಸ್‌ರೇ ಪ್ರಯೋಗ ತೋರಿಸಿತು. ಅಂದರೆ ನಮ್ಮ ಪಲ್ಸ್ ಮುಗಿಯುವ ಮೊದಲೇ. ಬಿಡುಗಡೆಯಾದ ಎಲೆಕ್ಟ್ರಾನನ್ನು ಸುತ್ತಲಿನ ಅಣುಗಳು ಒಂದು ಪಿಕೋಸೆಕೆಂಡಿನೊಳಗೆ ಸುತ್ತುವರಿಯುತ್ತವೆ. ಹಾಗೆ ನೀರಿನಲ್ಲಿ ಕೂತ ಎಲೆಕ್ಟ್ರಾನು ಕೆಂಪು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಕ್ಷಣಕಾಲ ಆ ಜಾಗ ನೀಲಿ.

ಕಣ್ಣಿನ ಹಿಂಭಾಗ ಹೇಗೆ ಉಳಿಯುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಯಾಗ್ ಯಂತ್ರದ ಬೆಳಕು ಅಗಲ ಕೋನದಲ್ಲಿ ಬಂದು ಪೊರೆಯ ಹತ್ತಿರ 10 ಮೈಕ್ರಾನಿನ ಚುಕ್ಕೆಯಾಗುತ್ತದೆ, ಅಲ್ಲಿಂದ ಮತ್ತೆ ಹರಡುತ್ತದೆ. ಒಂದೂವರೆ ಸೆಂಟಿಮೀಟರಿಗಿಂತ ಹಿಂದಿರುವ ರೆಟಿನಾ ಮುಟ್ಟುವಾಗ ಮೂರ್ನಾಲ್ಕು ಮಿಲಿಮೀಟರ್ ಅಗಲವಾಗಿರುತ್ತದೆ. ತೀವ್ರತೆ ಲಕ್ಷ ಪಟ್ಟು ಇಳಿದಿರುತ್ತದೆ. ಪ್ಲಾಸ್ಮಾ ಹುಟ್ಟಿದ ಮೇಲೆ ಬರುವ ಬೆಳಕನ್ನು ಅದೇ ತಡೆಯುತ್ತದೆ, ಅದೂ ಒಂದು ರಕ್ಷಣೆ. ನ್ಯಾನೋಸೆಕೆಂಡ್ ಕಿಡಿಗೆ ಇನ್ನೊಂದು ಚಾಳಿಯಿದೆ, ಅದು ಬೆಳಕು ಬರುವ ದಿಕ್ಕಿಗೆ ಬೆಳೆಯುತ್ತದೆ. ಆ ದಿಕ್ಕಿನಲ್ಲೇ ಆಪರೇಷನ್ನಿನಲ್ಲಿ ಕೂರಿಸಿದ ಲೆನ್ಸ್ ಇರುತ್ತದೆ. ಲೆನ್ಸಿಗೆ ಗುಳಿ ಬೀಳಬಾರದೆಂದು ಡಾಕ್ಟರು ಬಿಂದುವನ್ನು ಪೊರೆಗಿಂತ ಸ್ವಲ್ಪ ಹಿಂದಕ್ಕೆ, ಮೈಕ್ರಾನುಗಳ ಲೆಕ್ಕದಲ್ಲಿ ನೂರು ಇನ್ನೂರರಷ್ಟು, ಸರಿಸಿ ಇಡುತ್ತಾರೆ.

ಈ ಚಿಕಿತ್ಸೆ 1980ರ ಹೊತ್ತಿಗೆ ಬಂತು. ಸ್ವಿಟ್ಜರ್ಲೆಂಡಿನ ಫ್ರಾಂಜ್ ಫಾಂಕ್‌ಹೌಸರ್, ಫ್ರಾನ್ಸಿನ ಡಾನಿಯೆಲ್ ಅರೋನ್-ರೋಸಾ ಬೇರೆ ಬೇರೆಯಾಗಿ ಇದನ್ನು ಕಟ್ಟಿದರು. ಫೆಮ್ಟೋಸೆಕೆಂಡ್ ಪಲ್ಸಿಗೆ ಬಲ ತುಂಬುವುದು ಮಾತ್ರ ಆಗ ಕಷ್ಟವಿತ್ತು. ಸಣ್ಣ ಪಲ್ಸಿಗೆ ನೇರವಾಗಿ ಬಲ ತುಂಬಲು ಹೊರಟರೆ ಅದು ಲೇಸರಿನ ಗಾಜನ್ನೇ ಒಡೆಯುತ್ತಿತ್ತು, ನೀರನ್ನು ಒಡೆಯುವ ಅದೇ ಕಾರಣಕ್ಕೆ. 1985ರಲ್ಲಿ ಡೊನ್ನಾ ಸ್ಟ್ರಿಕ್‌ಲೆಂಡ್ ಮತ್ತು ಜೆರಾರ್ ಮುರು ಪಲ್ಸನ್ನು ಮೊದಲು ಉದ್ದಕ್ಕೆ ಎಳೆದು, ಬಲ ತುಂಬಿ, ಆಮೇಲೆ ಮತ್ತೆ ಒತ್ತಿ ಚಿಕ್ಕದು ಮಾಡಿದರು. ಅವರಿಗೆ 2018ರ ನೊಬೆಲ್ ಸಿಕ್ಕಿದ್ದು ಅದಕ್ಕೇ.

ಕಡೆಯ ಪ್ರಶ್ನೆ, ಇನ್ನೊಂದು ಕಣ್ಣು. ಅದಕ್ಕೂ ಹೀಗೇ ಮಂಜು ಬಂದರೆ ಫೆಮ್ಟೋಸೆಕೆಂಡ್ ಲೇಸರ್ ಹುಡುಕಿಕೊಂಡು ಹೋಗಬೇಡಿ. ಇಲ್ಲಿ ಹರಿಯಬೇಕಾದ್ದು ಕೆಲವೇ ಮೈಕ್ರಾನ್ ದಪ್ಪದ ಪೊರೆ. ಹಿಂದೆ ಇರುವುದು ನೀರಿನಂಶವೇ ತುಂಬಿದ ಲೋಳೆ. ಯಾಗ್ ಲೇಸರಿನ ದೊಡ್ಡ ಗುಳ್ಳೆ ಇಲ್ಲಿ ಕೆಡುಕಲ್ಲ, ಕೆಲವೇ ಪಲ್ಸಿನಲ್ಲಿ ಪೊರೆಯನ್ನು ಹರಿದು ಕಿಟಕಿ ತೆರೆಯುತ್ತದೆ. ಫೆಮ್ಟೋಸೆಕೆಂಡ್ ಲೇಸರಿನ ನಯ ಬೇಕಾಗುವುದು ಕಾರ್ನಿಯಾದಂಥ ಕಡೆ, ಅಲ್ಲಿ ಕೆಲವು ಮೈಕ್ರಾನ್ ಆಚೀಚೆಯಾದರೂ ನೋಟ ಕೆಡುತ್ತದೆ. ನಿಮ್ಮ ತಾಯಿಯವರಿಗೆ ಮೊದಲು ಆದಂಥ ಕಣ್ಣಿನ ಪೊರೆ ಆಪರೇಷನ್ನಿಗೂ ಅದನ್ನು 2008ರಿಂದ ಬಳಸುತ್ತಿದ್ದಾರೆ. ಆದರೆ ಫ್ರಾನ್ಸಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಹೋಲಿಕೆಯಲ್ಲಿ ಮಾಮೂಲಿ ವಿಧಾನಕ್ಕಿಂತ ಅದರ ಫಲ ಮೇಲಿರಲಿಲ್ಲ, ಖರ್ಚು ಮಾತ್ರ ಜಾಸ್ತಿ. ನಿಮ್ಮ ತಾಯಿಯವರ ಮಟ್ಟಿಗೆ ಈಗ ನೋಡಿಕೊಳ್ಳಬೇಕಾದ್ದು ಬೇರೆ. ಲೇಸರ್ ಆದ ಮೇಲೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಅದನ್ನು ಅಳೆಸಿದ್ದಾರೋ ಇಲ್ಲವೋ ಕೇಳಿ. ಸಣ್ಣ ಕಪ್ಪು ಚುಕ್ಕೆಗಳು ಕೆಲವು ದಿನ ತೇಲಿದರೆ ಹೆದರಬೇಕಿಲ್ಲ. ಒಮ್ಮೆಲೇ ತುಂಬ ಚುಕ್ಕೆ, ಮಿಂಚಿನಂಥ ಬೆಳಕು, ಇಲ್ಲವೇ ಒಂದು ಕಡೆಯಿಂದ ಪರದೆ ಎಳೆದಂತೆ ಕಂಡರೆ ಅದೇ ದಿನ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ.